ಹೆಸರು ಇಳಿಸಿದವನು

ಚಹಾದ ಲೋಟ ಬಿಸಿಯಾಗಿದೆ, ಅಂಚಿನಲ್ಲಿ ಹಿಡಿಯಬೇಕು, ಬುಡ ಹಿಡಿದರೆ ಸುಡುತ್ತದೆ — ಕೆಳಗಿನ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ನೋಡುತ್ತಿದ್ದಾರೆ, ಅದರ ಗರಗರ ಸದ್ದು ಈ ಮಹಡಿಯ ಕೋಣೆಯವರೆಗೂ ಬರುತ್ತಿದೆ, ಈ ಹೊತ್ತಿಗೆ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಎರಡನೆಯ ಪಾಠ ಶುರುವಾಗಿರಬೇಕು, ನಾನಿಲ್ಲದೆ ಯಾರು ಓದುತ್ತಿದ್ದಾರೋ, ನಲವತ್ತು ವರ್ಷದಲ್ಲಿ ನಾನು ಭಾನುವಾರದ ಓದು ತಪ್ಪಿಸಿದ್ದು ಹೆಂಡತಿ ತೀರಿಕೊಂಡ ವಾರ, ಆಮೇಲೆ ಕಣ್ಣಿನ ಆಪರೇಷನ್ ಆದಾಗ ಮಾತ್ರ, ಇವತ್ತು ಮಗಳಿಗಾಗಿ, ಮಗಳು ಹೋಗಿ ಇಪ್ಪತ್ತು ದಿನ, ಮೂರು ದಿನದ ಜ್ವರ, ಅಷ್ಟೇ. ಮಂದಿರದಲ್ಲಿ ಸತ್ತವರ ಹೆಸರು ಓದುವಾಗ ಅವಳ ಹೆಸರು ಬರುವುದಿಲ್ಲ. ಇಳಿಸಿದ ಹೆಸರನ್ನು ಮತ್ತೆ ಓದುವ ಹಾಗಿಲ್ಲ, ಅದು ನಮ್ಮ ನಿಯಮ, ನಂಬಿಕೆ ಬಿಟ್ಟವರ ಹೆಸರನ್ನು ಅವರ ಮನೆಯ ಹಿರಿಯನೇ ಎದ್ದು ನಿಂತು ಒಮ್ಮೆ ಗಟ್ಟಿಯಾಗಿ ಓದಿ ಇಳಿಸಬೇಕು, ಆಮೇಲೆ ಆ ಹೆಸರು ಆ ಮನೆಯವರ ಬಾಯಲ್ಲಿ ಬರಬಾರದು, ಅವರಿಗೆ ಬಾಗಿಲು ತೆಗೆಯಬಾರದು. ನಾಲ್ಕು ವರ್ಷದ ಹಿಂದೆ ನಾನು ಎದ್ದು ನಿಂತು ಓದಿದೆ. ಧ್ವನಿ ನಡುಗಲಿಲ್ಲ, ಹಿರಿಯರು ಆಮೇಲೆ ಬೆನ್ನು ತಟ್ಟಿದರು, ಕಲ್ಲಿನಂಥ ಮನುಷ್ಯ ನೀವು ಅಂದರು, ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ — ನಂಬಿಕೆ ಬಿಟ್ಟವರು ಸೇರುವ ಈ ಕೋಣೆಯಲ್ಲಾದರೂ ಇವತ್ತು ಯಾರೋ ಅವಳ ಹೆಸರು ಹೇಳುತ್ತಾರೆ, ಕೇಳಿಕೊಂಡು ಹೋಗೋಣ ಎಂದಷ್ಟೇ ಬಂದೆ, ಹಿಂದಿನ ಕುರ್ಚಿಯಲ್ಲಿ ಕೂತು ಯಾರ ಕಣ್ಣಿಗೂ ಬೀಳದೆ.

ಎಲ್ಲಿ ಬಿಟ್ಟರು. ಮುಂದೆ ಬನ್ನಿ ಯಜಮಾನ್ರೇ, ಮುಂದೆ ಸೀಟು ಖಾಲಿ ಇದೆ, ಫುಟ್‌ಬೋರ್ಡ್ ಮೇಲೆ ನಿಲ್ಬೇಡಿ, ಅಂದ ಬಾಗಿಲಲ್ಲಿದ್ದವನು, ಎಲ್ಲರೂ ಸಣ್ಣಗೆ ನಕ್ಕರು, ಬಸ್ ಕಂಡಕ್ಟರನಂತೆ, ಇಲ್ಲಿ ಎಲ್ಲರೂ ಅವನನ್ನು ಕಂಡಕ್ಟರ್ ಎಂದೇ ಕರೆಯುತ್ತಾರೆ. ನಗು ನನಗೆ ಬರಲಿಲ್ಲ. ಆ ಧ್ವನಿ ನನಗೆ ಗೊತ್ತು. ಮುಖ ಗೊತ್ತಿಲ್ಲ, ಧ್ವನಿ ಗೊತ್ತು — ಕಣ್ಣು ಮೇಲೆ ಮಾಡಿ ಯಜಮಾನ್ರೇ, ಸೂರು ನೋಡಿ, ಹಾಂ, ಎರಡೇ ಹನಿ, ಮುಗೀತು, ಇಳಿಯೋರು ಇಳೀರಿ. ಹೋದ ವರ್ಷ ಕಣ್ಣಿನ ಆಪರೇಷನ್ ಆದಾಗ ದಿನಕ್ಕೆ ಮೂರು ಸಲ ಬಂದು ಹನಿ ಹಾಕಿದವನು, ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು, ನನಗೆ ಕಂಡದ್ದು ಬರೀ ಒಂದು ನೆರಳು, ಕೆಳರೆಪ್ಪೆಯನ್ನು ಜಗ್ಗುವ ಒಂದು ದಪ್ಪ ಬೆರಳು. ಯಾರು ಕಳಿಸಿದ್ದಪ್ಪಾ ನಿನ್ನನ್ನ ಅಂದರೆ, ನಿಮ್ಮ ಕಡೆಯವ್ರೇ ಅನ್ನುತ್ತಿದ್ದ. ನಮ್ಮ ಕಡೆಯವರು. ಮಂದಿರದವರು ಎಂದುಕೊಂಡೆ, ಮತ್ತೆ ಯಾರಿದ್ದಾರೆ ನನಗೆ. ಪಟ್ಟಿ ತೆಗೆದ ಮೊದಲ ಭಾನುವಾರವೇ ಮಂದಿರದಲ್ಲಿ ಎದ್ದು ನಿಂತು ಕೃತಜ್ಞತೆ ಹೇಳಿದೆ, ಕಣ್ಣಿಲ್ಲದ ಹೊತ್ತಿನಲ್ಲಿ ನನ್ನ ಕೈಹಿಡಿದವರು ನೀವು, ಬಿಟ್ಟು ಹೋದವರು ಬಿಟ್ಟು ಹೋಗಲಿ ಎಂದೂ ಸೇರಿಸಿದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ನಾವಲ್ಲ ಅನ್ನಲಿಲ್ಲ. ಯಾರೂ ನಮ್ಮ ಬೀದಿಯ ಕಡೆ ತಲೆ ಹಾಕಿರಲಿಲ್ಲ, ಅದು ಅವರಿಗೆ ಗೊತ್ತು.

ಈ ಹೆಂಗಸು ಮಾತಾಡುತ್ತಿದ್ದಾಳೆ, ದಪ್ಪ ಕನ್ನಡಕ, ಶಾಲೆಯ ಟೀಚರಂತೆ, ನನ್ನನ್ನೇ ನೋಡಿ ಹೇಳುತ್ತಿದ್ದಾಳೆ, ನಂಬಿಕೆ ಬಿಡಬಹುದು ಸರ್, ಭಾನುವಾರ ಬಿಡೋದು ಕಷ್ಟ, ಬೆಳಗಾದ್ರೆ ಕೈಕಾಲು ಎಲ್ಲಿಡೋದು ಗೊತ್ತಾಗ್ತಿರಲಿಲ್ಲ, ಮೊದಲು ಮೂರೇ ಜನ ಸೇರ್ತಿದ್ವಿ, ಚಹಾ ಕುಡಿದು ಹಳೇದನ್ನೆಲ್ಲ ಬೈಕೊಂಡು ಮನೆಗೆ ಹೋಗ್ತಿದ್ವಿ, ನಿಮ್ಮ ಮಗಳು ಬಂದು ಎರಡನೇ ವಾರಕ್ಕೇ ಕೇಳಿದ್ಲು, ಬೈದು ಬೈದು ಬಾಯಿ ನೋಯಲ್ವಾ ಟೀಚರೇ, ಕಾಯಿಲೆ ಬಿದ್ದೋರನ್ನ ನೋಡ್ಕೊಳ್ಳೋದನ್ನ ಯಾಕೆ ಬಿಡಬೇಕು, ಅದನ್ನ ನಂಗೆ ದೇವ್ರು ಕಲಿಸಿದ್ದಲ್ಲ, ನಮ್ಮಪ್ಪ ಕಲಿಸಿದ್ದು. ಗೋಡೆಯ ಮೇಲೆ ಅವಳು ಬರೆದ ಹಾಳೆ, ಈ ವಾರ ಯಾರ ಮನೆಗೆ ಯಾರು, ಅವಳ ಅಕ್ಷರವೇ, ಬಾಲ ಉದ್ದ ಎಳೆಯುವ ಅಕ್ಷರ, ಬಾಲ ಗಿಡ್ಡ ಮಾಡೇ ಎಂದು ಎಷ್ಟು ಗದರಿದ್ದೆ. ನಾನು ಏನು ಕಲಿಸಿದ್ದೆ. ಅವಳಿಗೆ ಆರು ವರ್ಷ, ತೋರುಬೆರಳು ಹಿಡಿದು ಗ್ರಂಥದ ಸಾಲಿನ ಮೇಲೆ ಓಡಿಸುತ್ತಿದ್ದೆ, ಓದು ಮುಗಿಸಿ ಇಬ್ಬರೂ ಪಕ್ಕದ ಬೀದಿಯ ಮುದುಕಿಗೆ ನೀರು ತುಂಬಿಸಿ ಬರುತ್ತಿದ್ದೆವು. ದೊಡ್ಡವಳಾಗಿ ಹೊಲಿಗೆ ಕೆಲಸಕ್ಕೆ ಸೇರಿದ ಮೇಲೆ ಆ ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಯಿತು, ಅಪ್ಪಾ ಮುಟ್ಟಿ ನೋಡಿ, ಅರದ ಹಾಗಿದೆ, ಮರ ಉಜ್ಜಬಹುದು. ಆಮೇಲೆ ಒಂದು ದಿನ, ಅಪ್ಪಾ ನಂಗೆ ನಂಬಿಕೆ ಬರ್ತಾ ಇಲ್ಲ, ಬಂದ ಹಾಗೆ ನಿಮ್ಮ ಪಕ್ಕ ಕೂತ್ಕೊಂಡ್ರೆ ಅದು ನಿಮಗೆ ಮಾಡೋ ಮೋಸ. ಮೋಸ ಮಾಡದಿದ್ದುದಕ್ಕೆ ಹೆಸರು ಇಳಿಸಿದೆ. ನಾನು ಈಗಲೂ ನಂಬುವವನೇ, ಬೆಳಗ್ಗೆ ಎದ್ದರೆ ಕೈ ತಾನಾಗಿ ಮುಗಿಯುತ್ತದೆ, ಆದರೆ ಮುಗಿದ ಕೈಯೊಳಗೆ ಏನಿದೆ ಎಂದು ಮೇಲಿರುವವನಿಗೆ ಕಾಣುತ್ತದೆಯಲ್ಲ, ಅದೇ ಭಯ.

ಕಂಡಕ್ಟರ್ ಪಕ್ಕದಲ್ಲಿ ಬಂದು ಕೂತಿದ್ದಾನೆ, ಲೋಟ ತೆಗೆದುಕೊಂಡು, ಕಣ್ಣು ಹೇಗಿದೆ ಯಜಮಾನ್ರೇ ಅನ್ನುತ್ತಾನೆ, ಚೆನ್ನಾಗಿದೆಯಪ್ಪಾ, ಎಲ್ಲ ಕಾಣುತ್ತೆ ಅನ್ನುತ್ತೇನೆ. ಅವಳು ನಿಮ್ಮ ಮನೆ ಪಾಳಿ ಬೇರೆ ಯಾರಿಗೂ ಕೊಡ್ಲಿಲ್ಲ ನೋಡಿ, ನಂಗೇ ಹಾಕಿದ್ಲು, ನಮ್ಮಪ್ಪ ಮಾತಿಗೆ ಮಾತು ಬೆಳೆಸ್ತಾರೆ, ನೀವಾದ್ರೆ ತಡ್ಕೋತೀರಾ ಅಂತ, ನಂಗೆ ಒಂದೇ ದಿನ ಡ್ಯೂಟಿ ಬಿದ್ದು ಬರೋಕಾಗ್ಲಿಲ್ಲ, ಒಂಬತ್ತನೇ ದಿನ, ಆವತ್ತು — ಅಷ್ಟಕ್ಕೇ ನಿಲ್ಲಿಸಿದ, ನನ್ನ ಮುಖದಲ್ಲಿ ಏನು ಕಂಡನೋ. ನಾನು ಕೇಳಲಿಲ್ಲ, ಆವತ್ತು ಯಾರು ಬಂದಿದ್ದು ಎಂದು. ಕೇಳಬೇಕಾಗಿರಲಿಲ್ಲ. ಇಷ್ಟು ಹೊತ್ತೂ ಮಂದಿರದವರು ಎಂದುಕೊಂಡೆ, ಗೊತ್ತಿರಲಿಲ್ಲ, ಮೋಸಹೋದೆ ಎಂದು ನನಗೆ ನಾನೇ ಹೇಳಿಕೊಂಡು ಕೂತಿದ್ದೇನಲ್ಲ, ಯಾರಿಗೆ ಹೇಳುತ್ತಿದ್ದೇನೆ. ಎಂಟು ದಿನ ಗೊತ್ತಿರಲಿಲ್ಲ, ಅದು ನಿಜ. ಒಂಬತ್ತನೆಯ ದಿನ ಮೆಟ್ಟಿಲ ಮೇಲಿನ ಹೆಜ್ಜೆಯೇ ಬೇರೆ, ಮಾತಿಲ್ಲ, ಸೂರು ನೋಡಿ ಅನ್ನಲಿಲ್ಲ, ಹೂ ಎತ್ತುವ ಹಾಗೆ ಗಲ್ಲ ಎತ್ತಿದ ಕೈ, ಕೆಳರೆಪ್ಪೆಯ ಮೇಲೆ ಬಂದು ಕೂತ ಬೆರಳು, ಅದರ ತುದಿ ಅರದ ಹಾಗೆ. ಗೊತ್ತಾಯಿತು. ಆ ಕ್ಷಣಕ್ಕೇ ಗೊತ್ತಾಯಿತು. ಹೆಸರು ನಾಲಿಗೆಯ ತುದಿಗೆ ಬಂತು, ಕರೆದರೆ ನಿಯಮ ಮುರಿಯುತ್ತದೆ, ಹೋಗು ಅಂದರೆ ಆ ಕೈ ಹೋಗುತ್ತದೆ, ಎರಡೂ ಬೇಡ ನನಗೆ, ಕೈ ಬೇಕು, ನಿಯಮವೂ ಬೇಕು, ಗೊತ್ತಿಲ್ಲದವನ ಹಾಗೆ ಕೂತೆ. ಕೂತಿದ್ದರೆ ಸಾಕಾಗಿತ್ತು. ಯಾರ ಮಗಳೋ ತಾಯಿ, ಒಳ್ಳೇದಾಗ್ಲಿ ಅಂದೆ.

ಈಗ ಟೀಚರ್ ನನ್ನ ಕಡೆ ಕೈ ತೋರಿಸುತ್ತಿದ್ದಾಳೆ, ಸರ್, ಅವಳ ಬಗ್ಗೆ ಎರಡು ಮಾತು, ನೀವು ಹೇಳಿದ್ರೆ ನಮಗೆಲ್ಲ ಸಮಾಧಾನ. ಎದ್ದು ನಿಂತಿದ್ದೇನೆ, ಓದಿ ರೂಢಿಯಾದ ಗಂಟಲು, ಎದುರಿಗೆ ಇಪ್ಪತ್ತು ಮೂವತ್ತು ಮುಖ, ಎಲ್ಲ ನಿಚ್ಚಳವಾಗಿ ಕಾಣುತ್ತಿವೆ, ಅವಳ ಹೆಸರಿನಿಂದ ಶುರು ಮಾಡಬೇಕು, ಹೆಸರು, ಇಳಿಸುವಾಗ ಎಷ್ಟು ಸಲೀಸಾಗಿ ಬಂದಿತ್ತು, ಈಗ ಬಾಯಿ ತೆರೆದಿದೆ, ನಾಲಿಗೆ ಹೊರಳುತ್ತಿಲ್ಲ — ಯಾರ ಮಗಳೋ ಅಂದೆ, ಹನಿ ಬಿದ್ದಾಗಿತ್ತು, ಎರಡೂ ಹನಿ ಬಿದ್ದಾಗಿತ್ತು, ಬೆರಳು ಇನ್ನೂ ರೆಪ್ಪೆಯ ಮೇಲೇ ಇತ್ತು, ತೆಗೆಯಲಿಲ್ಲ, ಕಾಯುತ್ತಿತ್ತು, ಬೆರಳು ಇನ್ನೂ ಅಲ್ಲೇ