ಖಾಲಿ ಬಟ್ಟಲಿನ ಸಾಕ್ಷಿ

ತಾಹಿರಾ ನಡೆದರೆ ನೆಲಕ್ಕೆ ಸುದ್ದಿ ಮುಟ್ಟುವುದಿಲ್ಲ. ಬಾಳ್ಳುಪೇಟೆಯ ಹೆದ್ದಾರಿಗೆ ಅಂಟಿಕೊಂಡ ಮನೆಯಲ್ಲಿ, ಲಾರಿಗಳ ಅಬ್ಬರಕ್ಕೆ ತೊಟ್ಟಿಲು ತಾನಾಗಿಯೇ ತೂಗಿ ಬೆಳೆದ ಈ ಹೆಣ್ಣುಮಗಳಿಗೆ ಇಂಥ ಮಾರ್ಜಾಲಗತಿ ಎಲ್ಲಿಂದ ಬಂತೆಂಬುದು ನನಗೆ ಬಹುಕಾಲದ ವಿಸ್ಮಯವಾಗಿತ್ತು. ಆಲೂರಿನ ಹಳೆಯ ಕಾಫಿ ಸ್ಟೋರಿನಲ್ಲಿ ಆಕೆ ಕಟ್ಟಿಕೊಂಡ ಪ್ರಯೋಗಾಲಯಕ್ಕೆ ಹೋದಾಗ ಕಾರಣ ತಿಳಿಯಿತು. ಅಲ್ಲಿ ಆಕೆ ಮೀನಿನ ಜೀವಕೋಶಗಳನ್ನು ಸಾಕಿದ್ದಳು. ನನ್ನದೊಂದು ಸೀನಿಗೆ ಅವು ನಡುಗಿದವೆಂದು ನನ್ನನ್ನು ಅಂಗಳಕ್ಕೆ ಅಟ್ಟಿದಳು. ಅಲ್ಲಿ ಒಂದು ಮಳೆಗಾಲ ಪೂರ್ತಿ ನಿಂತಿದ್ದೆನೆಂದು ನೆನಪು.

ಮತ್ತೆ ಒಳಗೆ ಬಿಟ್ಟಾಗ ಕಂಡದ್ದು, ಪುಟ್ಟ ಬಟ್ಟಲಿನ ತಳದಲ್ಲಿ ಹೆಬ್ಬೆರಳ ಉಗುರಿನಷ್ಟು ಚಿನ್ನದ ಬಿಲ್ಲೆ. ಅದರ ಮೇಲೆ ಹೆಂಚು ಹೊದಿಸಿದಂತೆ ಒತ್ತೊತ್ತಾಗಿ ಕುಳಿತ ಕೋಶಗಳು. ಜೀವವಿರುವ ತನಕ ಅವು ಬಿಲ್ಲೆಯಿಂದ ಹೊರಡುವ ನವಿರಾದ ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ, ಆ ತಡೆಯನ್ನು ಅಳೆದು ತೋರಿಸುವ ಪರದೆಯ ಮೇಲಿನ ಗೆರೆ ಎತ್ತರದಲ್ಲೇ ಇರುತ್ತದೆ. ವಿಷ ತಗುಲಿದರೆ ಹಿಡಿತ ಸಡಿಲಿ, ವಿದ್ಯುತ್ತು ನುಗ್ಗಿ, ಗೆರೆ ಕುಸಿಯುತ್ತದೆ. ಕಣ್ಣು ಬಾಯಿಗಳಿಲ್ಲದ ಜೀವಗಳು ಹೀಗೆ ಸಾಕ್ಷಿ ನುಡಿಯುವುದನ್ನು ಕಂಡು ನನ್ನ ಹರಟೆಬಾಯಿ ಹುಟ್ಟಿದಂದಿನಿಂದ ಮೊದಲ ಬಾರಿಗೆ ಮುಚ್ಚಿಕೊಂಡಿತು.

ಆಕೆ ತೊಡುವ, ತೋಳು ಮಡಚಿದ ಕಂದು ಕೋಟು ತಂದೆ ಮಕ್ಸೂದ್ ಸಾಹೇಬರದು. ಕಾಫಿ ವ್ಯಾಪಾರಿಯಾಗಿದ್ದ ಅವರು ಖಾಲಿ ಚೀಲವನ್ನು ಮೊದಲು ತೂಗದೆ ಕಾಫಿ ತೂಗಿದವರಲ್ಲ. ಸ್ವರ್ಗದ ಬಾಗಿಲಲ್ಲೂ ಪುಣ್ಯದ ಮೂಟೆ ಇಳಿಸುವ ಮುನ್ನ ಚೀಲವನ್ನು ಬೇರೆ ತೂಗಿಸಿಯೇ ಒಳಹೋಗಿರಬೇಕು. ಕೋಟಿನ ಜೊತೆಗೆ ಮಗಳಿಗೆ ಆ ಹಟವೂ ಬಂದಿತ್ತು.

ಕಳೆದ ಮುಂಗಾರಿಗೆ ಮೊದಲು ಆಕೆಯ ತಮ್ಮ ತಬ್ರೇಜ್, ಕಾಫಿಯ ಎಲೆ ತುಕ್ಕು ರೋಗಕ್ಕೆಂದು ನ್ಯಾನೋ ತಾಮ್ರದ, ಅಂದರೆ ಅತಿಸೂಕ್ಷ್ಮ ತಾಮ್ರದ ಕಣಗಳ ಔಷಧಿಯನ್ನು ತನ್ನ ಅಂಗಡಿಗೆ ತರಿಸಿದ್ದ. ಹೆತ್ತೂರಿನ ತೋಟಗಳಿಗೆ ಹೊಡೆದರೆ ಅದು ಇಳಿಯುವುದು ಹಳ್ಳಕ್ಕೇ. ತೋಟದ ಕೂಲಿ ಲೈನ್‌ಗಳ ಜನ ಕುಡಿಯುವುದು ಆ ಹಳ್ಳದ ನೀರನ್ನೇ. ಅಕ್ಕ ಒಪ್ಪಿದರೆ ಮಾತ್ರ ಮಾರುವೆನೆಂದು ಮಾತು ಕೊಟ್ಟಿದ್ದ. ಪರೀಕ್ಷೆಯಲ್ಲಿ ಗೆರೆ ಕದಲಲಿಲ್ಲ. ತಬ್ರೇಜ್ ಜಿಲೇಬಿ ಹಿಡಿದು ಓಡಿಬಂದ.

"ಕೋಶ ಬದುಕೈತೆ ತಾನೇ ಆಪಾ? ಹೂಂ ಅಂದ್ಬುಡು, ನಾಳೆನೇ ಲೋಡು."

"ಖಾಲಿ ಚೀಲ ತೂಗಿಲ್ಲ ಕಣೋ."

"ಅಬ್ಬಾ ಹೋದ್ರೂ ಅವ್ರ ತಕ್ಕಡಿ ಹೋಗ್ಲಿಲ್ಲ ನೋಡ್ರೀ," ಎಂದು ಅವನು ನನ್ನತ್ತ ತಿರುಗಿದ.

ಆಕೆ ಕೋಶಗಳೇ ಇಲ್ಲದ ಬರಿಯ ಬಿಲ್ಲೆಯ ಮೇಲೆ ಆ ಔಷಧಿಯನ್ನು ಬಿಟ್ಟಳು. ಗೆರೆ ಮೆಲ್ಲಗೆ ಮೇಲೇರಿ ಅಲ್ಲೇ ನಿಂತಿತು. ಜೀವವೇ ಇಲ್ಲದ ಬಟ್ಟಲು, ತಾನು ಬದುಕಿದ್ದೇನೆಂದು ಹೇಳುತ್ತಿತ್ತು. ಎಲೆಗೆ ಹಿಡಿಯಲೆಂದು ಅಂಟು ಸವರಿದ ತಾಮ್ರದ ಕಣಗಳು ಚಿನ್ನದ ಮೇಲೆ ಕೂತು ತಾವೇ ವಿದ್ಯುತ್ತನ್ನು ತಡೆದಿದ್ದವು. ಮೊದಲಿನ ಬಟ್ಟಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕೋಶಗಳೆಲ್ಲ ಸತ್ತಿದ್ದವು. ಕೊಂದ ತಾಮ್ರವೇ ಸತ್ತವರ ಜಾಗದಲ್ಲಿ ಕುಳಿತು ಹಾಜರಿ ಕೂಗಿತ್ತು.

ತಬ್ರೇಜ್ ಜಿಲೇಬಿಯ ಪೊಟ್ಟಣವನ್ನು ನನ್ನ ಮುಂದಿಟ್ಟ.

"ಔಷ್ದಿ ಡ್ರಮ್ಮು ವಾಪಸ್ ಕಳಿಸ್ತೀನಿ," ಎಂದ. "ಜಿಲೇಬಿ ಅಂಗಡಿಯೋನು ವಾಪಸ್ ತಗಳ್ಳಲ್ಲ ಮಾರಾಯ್ರೇ, ನೀವಾದ್ರೂ ತಿನ್ನಿ."

ಹೊರಡುವಾಗ ಅವನ ಹೆಜ್ಜೆಯೂ ಸದ್ದು ಮಾಡಲಿಲ್ಲ.

ಕೆಟ್ಟ ಸುದ್ದಿಯನ್ನು ಶಂಕಿಸುವವರು ಲೋಕದ ತುಂಬ ಇದ್ದಾರೆ. ಅವರಿಗೆಲ್ಲ ನಾನೇ ಮುಖಂಡ. ತಮಗೆ ಬೇಕಾದ ಸುದ್ದಿಯೇ ಬಂದು, ಎದುರಿಗೆ ಜಿಲೇಬಿ ಘಮಘಮಿಸುವಾಗಲೂ ಖಾಲಿ ಬಟ್ಟಲನ್ನೊಮ್ಮೆ ಕೇಳಿ ನೋಡುವವರು ವಿರಳ. ಅಂಥವರಿರುವುದರಿಂದಲೇ ಇಳಿಜಾರಿನ ಜನ ಹಳ್ಳದ ನೀರನ್ನು ಬೊಗಸೆಯಲ್ಲೆತ್ತಿ ನಿಶ್ಚಿಂತೆಯಿಂದ ಕುಡಿಯುತ್ತಾರೆ. ಕುಡಿಯುವಾಗ ಯಾರ ಹೆಸರನ್ನೂ ನೆನೆಯುವುದಿಲ್ಲ.