ಹೋಮ್‌ಸ್ಟೆಡ್ ಫಲಕ

ನೀರಜಾಳಿಗೆ ಒಂದು ಗೋಡೆ ಕೊಡಿಸಲು ಮೊರಿತಾ-ಸಾನ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಜಪಾನಿನ ಫುಕುವೋಕಾದ ಆ ಕೈಗಾರಿಕಾ ಮ್ಯೂಸಿಯಮ್ಮಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದ ಬಗ್ಗೆ ಪ್ರದರ್ಶನವೊಂದು ಸಿದ್ಧವಾಗುತ್ತಿತ್ತು. ವಿದ್ಯುದ್ದೀಪ, ಟೆಲಿಫೋನು, ಹೊಲಿಗೆ ಯಂತ್ರ, ಉಕ್ಕಿನ ಕುಲುಮೆ. ಯಂತ್ರಗಳ ವಿಚಾರ ಬರೆಯಲು ಎಂಜಿನಿಯರುಗಳಿದ್ದರು. ಅವುಗಳ ಮುಂದೆ ನಿಂತು ಬೆವರು ಸುರಿಸಿದವರ ವಿಚಾರ ಬರೆಯಲು ಮೈಸೂರಿನಿಂದ ಬಂದು ಇಲ್ಲಿ ಕಾರ್ಮಿಕ ಚರಿತ್ರೆಯಲ್ಲಿ ಡಾಕ್ಟರೇಟ್ ಮಾಡಿದ್ದ ನೀರಜಾಳೇ ಆಗಬೇಕೆಂದು ಹಿರಿಯ ಕ್ಯುರೇಟರ್ ಮೊರಿತಾ ಪಟ್ಟು ಹಿಡಿದಿದ್ದರು.

ಅವಳು ಬರೆದದ್ದು ಹೋಮ್‌ಸ್ಟೆಡ್ ಊರಿನ ಕಥೆ. ಪೆನ್ಸಿಲ್ವೇನಿಯಾದ ನದೀತೀರದ ಉಕ್ಕಿನ ಕಾರ್ಖಾನೆ, ಹನ್ನೆರಡು ತಾಸಿನ ಪಾಳಿ. ೧೮೯೨ರಲ್ಲಿ ಮಾಲೀಕರು ಕೂಲಿ ಇಳಿಸಹೊರಟಾಗ ಕಾರ್ಮಿಕರು ಒಪ್ಪಲಿಲ್ಲ. ಕಾರ್ಖಾನೆಗೆ ಬೀಗ ಬಿತ್ತು. ಬಾಡಿಗೆಯ ಕಾವಲುಪಡೆ ದೋಣಿಗಳಲ್ಲಿ ಬಂತು, ಗುಂಡು ಹಾರಿತು, ಎರಡೂ ಕಡೆ ಹೆಣ ಬಿತ್ತು. ಆಮೇಲೆ ಸೇನೆ ಬಂತು, ಸಂಘದ ಸೊಂಟ ಮುರಿಯಿತು. ಇದನ್ನೆಲ್ಲ ಅವಳು ಒಂದು ಫಲಕದಲ್ಲಿ ಹಿಡಿಸಿ, ಮೇಲೆ ಮನೆಬಾಗಿಲಲ್ಲಿ ನಿಂತು ನದಿಯ ಕಡೆ ನೋಡುತ್ತಿರುವ ಹೆಂಗಸರ ಫೋಟೋ ಹಾಕಿದ್ದಳು. ಓದಿದ ಮೊರಿತಾ ಕನ್ನಡಕ ತೆಗೆದು ಒರೆಸಿಕೊಂಡಿದ್ದರು.

ಪ್ರದರ್ಶನದ ಖರ್ಚು ಹೊತ್ತದ್ದು ಫುಕುವೋಕಾದ್ದೇ ಒಂದು ಯಂತ್ರೋಪಕರಣ ಕಂಪನಿ. ಅಲ್ಲಿಂದ ಮೂವರು ಬಂದು ಕರಡು ಫಲಕಗಳನ್ನು ನೋಡಿದರು. ನೀರಜಾಳ ಫಲಕದ ಮುಂದೆ ತುಸು ಹೆಚ್ಚು ಹೊತ್ತು ನಿಂತು, ತಲೆಯಾಡಿಸಿ, ಬಾಗಿ ವಂದಿಸಿ ಹೋದರು. ಮರುವಾರ ಮೊರಿತಾ ಅವಳ ಮೇಜಿನ ಬಳಿ ಬಂದು, "ಈ ಫಲಕ ಸ್ವಲ್ಪ ಕಷ್ಟವಾಗಬಹುದು" ಎಂದರು. ಜಪಾನಿನಲ್ಲಿ ಏಳು ವರ್ಷ ಕಳೆದವಳಿಗೆ 'ಸ್ವಲ್ಪ ಕಷ್ಟ' ಎಂದರೆ 'ಆಗದು' ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಇದರಲ್ಲಿ ಸುಳ್ಳು ಇದೆಯಾ, ಮೊರಿತಾ-ಸಾನ್?"

"ಇಲ್ಲ. ಅದಕ್ಕೇ ಕಷ್ಟ" ಎಂದರು ಅವರು, ನೆಲ ನೋಡುತ್ತ.

ಅವಳು ಫಲಕ ತೆಗೆಯಲಾರೆನೆಂದು ಬರೆದು ಕಳಿಸಿದಳು. ಯಾರೂ ಸಿಟ್ಟಾಗಲಿಲ್ಲ. ಬದಲಿಗೆ ಉಮಾಶಂಕರ್ ಬಂದ. ಅದೇ ಕಂಪನಿಯ ಐಟಿ ವಿಭಾಗದ ಮ್ಯಾನೇಜರ್, ಬೆಂಗಳೂರಿನವನು, ಯುಗಾದಿ ಊಟದಲ್ಲಿ ಒಂದೆರಡು ಸಲ ಸಿಕ್ಕಿದ್ದವನು. ಮ್ಯೂಸಿಯಮ್ ಎದುರಿನ ಕೊಂಬಿನಿ ಅಂಗಡಿಯಲ್ಲಿ ಕಾಫಿ ತಂದು ಅವಳ ಮುಂದಿಟ್ಟ.

"ನಮ್ಮೋರು ಅಂತ ಬಂದಿದೀನಿ ಮೇಡಮ್. ನೀವು ಬರೆದಿರೋದು ತಪ್ಪು ಅಂತ ಯಾರೂ ಹೇಳ್ತಿಲ್ಲ. ಬಟ್, ಓಪನಿಂಗ್‌ಗೆ ನಮ್ಮ ಫ್ಯಾಕ್ಟರಿ ವರ್ಕರ್ಸೇ ಬರ್ತಾರೆ. ಅವರ ಮುಂದೆ ಇದು ಬೇಕಾ?"

"ಅವರ ಮುಂದೇನೇ ಬೇಕು."

ಅವನು ನಗಲಿಲ್ಲ. "ನಮ್ಮಪ್ಪ ಬಟ್ಟೆ ಮಿಲ್ಲಲ್ಲಿದ್ರು. ಸ್ಟ್ರೈಕ್ ಮಾಡಿದ್ರು. ಮುಂದೆ ನಿಂತು ಜೈಕಾರ ಹಾಕಿದ್ದೇ ಅವರು. ಮಿಲ್ ಮುಚ್ಚಿತು. ಆಮೇಲೆ ಅಮ್ಮ ಊದುಬತ್ತಿ ಹೊಸೆದು ನಮ್ಮನ್ನ ಸಾಕಿದ್ಲು. ಅಪ್ಪ ಸಾಯೋವರೆಗೂ ಆ ಸ್ಟ್ರೈಕಿನ ಕಥೇನೇ ಹೇಳ್ತಿದ್ರು, ಬೇರೆ ಏನೂ ಮಾಡ್ಲಿಲ್ಲ. ನಿಮಗೆ ಇದು ಥೀಸಿಸ್ಸು. ನನಗೆ ಆ ಮನೆ ಗೊತ್ತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳಿಸಿದವರು ಬೇರೆ, ಅಷ್ಟೇ.

"ಮಾರ್ಚ್‌ಗೆ ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂವಲ್ ಅಲ್ವಾ?" ಎಂದ ಉಮಾಶಂಕರ್, ಲೋಟದ ಮುಚ್ಚಳ ತೆಗೆಯುತ್ತ. "ಮೊರಿತಾ-ಸಾನ್‌ಗೂ ರಿಟೈರ್‌ಮೆಂಟ್ ಹತ್ತಿರ. ಪಾಪ, ಮುದುಕರು."

ಕೆಲಸ ಹೋದರೆ ವೀಸಾ, ವೀಸಾ ಹೋದರೆ ಈ ಊರು. ಮೈಸೂರಿಗೆ ಮರಳಿದರೆ ನಲವತ್ತರ ಹೊಸ್ತಿಲಲ್ಲಿ ಅತಿಥಿ ಉಪನ್ಯಾಸಕಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳು ಎರಡು ವಾರ ಫಲಕವನ್ನು ಕೆತ್ತಿದಳು. ಮೊದಲು ಗುಂಡು ಹೋಯಿತು, ಆಮೇಲೆ ದೋಣಿ, ಆಮೇಲೆ ಊರಿನ ಹೆಸರು. ಕೊನೆಗೆ ಉಳಿದದ್ದು ಒಂದೇ ಸಾಲು: 'ಈ ಬೆಳವಣಿಗೆಯಲ್ಲಿ ಅಸಂಖ್ಯ ಕಾರ್ಮಿಕರ ಶ್ರಮವೂ ಸೇರಿದೆ.' ಅದನ್ನು ಬೇರೆ ಯಾರೂ ಬರೆಯಲಿಲ್ಲ. ಅವಳೇ ಬರೆದಳು. ಬಾಗಿಲಿನ ಹೆಂಗಸರ ಜಾಗದಲ್ಲಿ ಕಿಡಿ ಹಾರುವ ಕುಲುಮೆಯ ದೊಡ್ಡ ಚಿತ್ರ ಬಂತು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲೆಂದು ನೆಲದ ಮೇಲೆ ಹೆಜ್ಜೆ ಗುರುತನ್ನೂ ಅಂಟಿಸಿದರು.

ಓಪನಿಂಗ್ ದಿನ ಕಂಪನಿಯ ಕಾರ್ಮಿಕರು ಬಸ್ಸಿನಲ್ಲಿ ಬಂದಿಳಿದರು. ನೀರಜಾಳಿಗೆ ಜಪಾನೀ ಭಾಷೆ ಕೇಳಿದರೆ ಚೆನ್ನಾಗಿ ತಿಳಿಯುತ್ತಿತ್ತು, ಜನರೆದುರು ಮಾತಾಡಲು ಮಾತ್ರ ನಾಲಿಗೆ ತೊಡರುತ್ತಿತ್ತು. ಹಾಗಾಗಿ ಅವಳು ಇಂಗ್ಲಿಷಿನಲ್ಲಿ ವಿವರಿಸುವುದು, ಪಕ್ಕದಲ್ಲಿ ಮೊರಿತಾ ಅನುವಾದಿಸುವುದು ಎಂದಾಗಿತ್ತು. ಕುಲುಮೆಯ ಚಿತ್ರದ ಬಳಿ ಕಂಪನಿಯ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ಕೈಯೆತ್ತಿದಳು. ಮಣಿಕಟ್ಟಿನಲ್ಲಿ ಹಳೆಯ ಸುಟ್ಟ ಕಲೆ.

"ಇದರ ಮುಂದೆ ಅವರು ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತಿದ್ದರು? ಸುಸ್ತಾದರೆ ಕೂರಬಹುದಿತ್ತಾ?"

ನೀರಜಾಳಿಗೆ ತಾನು ಅಳಿಸಿದ್ದೆಲ್ಲ ಬಾಯಿಗೆ ಬಂತು. ಹನ್ನೆರಡು ತಾಸು, ಕೂರುವಂತಿಲ್ಲ, ಕೂಲಿ ಇಳಿಸಿದರು, ಬೇಡ ಎಂದವರ ಮೇಲೆ ಗುಂಡು ಹಾರಿತು, ಊರಿನ ಹೆಸರು ಹೋಮ್‌ಸ್ಟೆಡ್. ಒಂದೇ ಉಸಿರಿಗೆ ಹೇಳಿ ಮುಗಿಸಿ ಮೊರಿತಾರತ್ತ ತಿರುಗಿದಳು.

ಮೊರಿತಾ ಕಣ್ಣೆತ್ತಿ ನೋಡಿದರು. ಹಿಂದಿನ ಸಾಲಿನಲ್ಲಿ ಕಂಪನಿಯ ನಿರ್ದೇಶಕರಿದ್ದರು, ಪಕ್ಕದಲ್ಲಿ ಉಮಾಶಂಕರ್. ಮೊರಿತಾ ಮೆಲುದನಿಯಲ್ಲಿ ಜಪಾನೀ ಭಾಷೆಯಲ್ಲಿ ಹೇಳಿದರು: "ಕೆಲಸ ಬಹಳ ಕಠಿಣವಾಗಿತ್ತು. ಆದರೂ ಎಲ್ಲರೂ ಒಗ್ಗಟ್ಟಿನಿಂದ ದುಡಿದರು."

ಹೆಂಗಸು ತಲೆಬಾಗಿ ಅರಿಗಾತೋ ಎಂದು ಧನ್ಯವಾದ ಹೇಳಿದಳು. ಅದು ಹಾಗಲ್ಲ ಎನ್ನುವಷ್ಟು ಜಪಾನೀ ನೀರಜಾಳಿಗೆ ಬರುತ್ತಿತ್ತು. ಆ ಒಂದು ಮಾತಿಗೆ ನಾಲಿಗೆ ತೊಡರುವಂಥದ್ದೇನಿರಲಿಲ್ಲ. ಅವಳು ಮುಂದಿನ ಹೊಲಿಗೆ ಯಂತ್ರದ ಕಡೆ ಕೈ ತೋರಿಸಿದಳು.

ಎಲ್ಲರೂ ಹೋದ ಮೇಲೆ ಮೊರಿತಾ ಬಂದು ಸೊಂಟದವರೆಗೆ ಬಾಗಿ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ಎಷ್ಟು ಹೊತ್ತಾದರೂ ತಲೆಯೆತ್ತಲಿಲ್ಲ. ಬೈದುಬಿಡಬೇಕು ಎಂದು ಅವಳಿಗೆ ಅನಿಸಿತು. ಆದರೆ ಬಾಯಿಂದ ಬಂದದ್ದು, "ಪರವಾಗಿಲ್ಲ, ಮೊರಿತಾ-ಸಾನ್."

ಮಾರ್ಚ್‌ನಲ್ಲಿ ಅವಳ ಕರಾರು ಮತ್ತೆ ಮೂರು ವರ್ಷಕ್ಕೆ ನವೀಕರಣವಾಯಿತು. ಮೊರಿತಾ ನಿವೃತ್ತರಾದರು, ಬೀಳ್ಕೊಡುಗೆಗೆ ಅವಳು ಹೋಗಲಿಲ್ಲ. ಅವಳಿಗೆ ಬಂದ ಹೊಸ ಕೆಲಸ ಆ ಯಂತ್ರೋಪಕರಣ ಕಂಪನಿಯ ಚರಿತ್ರೆ ಬರೆಯುವುದು. ಹೆಸರು ಸೂಚಿಸಿದವನು ಉಮಾಶಂಕರ್. "ಕಂಗ್ರಾಟ್ಸ್ ಮೇಡಮ್, ನಿಮ್ಮ ಬರವಣಿಗೆ ಅವರಿಗೆ ತುಂಬಾ ಇಷ್ಟ ಆಗಿದೆ" ಎಂದು ಫೋನ್ ಮಾಡಿದ. ಅವಳು ಥ್ಯಾಂಕ್ಸ್ ಹೇಳಿದಳು.