ಒಳಪೆಡಲ್

ಸೈಕಲ್ ಮತ್ತೆ ಬಿತ್ತು, ಜತೆಗೆ ಕೃಷ್ಣಮ್ಮನೂ ಬಿದ್ದಳು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಜಗಲಿಯ ಮೇಲೆ ಕೂತಿದ್ದ ಗಂಡ ರಂಗಣ್ಣ ನಗು ತಡೆಯಲಾರದೆ ಕೆಮ್ಮಿದ.

“ಏನಮ್ಮಿ, ಮದ್ವೆಯಾದಾಗ್ಲಿಂದ ನಂಗೂ ಸೈಕಲ್ ಬತ್ತದೆ ಅಂತಿದ್ದೆ. ಇದೇನಾ ಅದು?”

“ಬತ್ತದೆ ಕಣಿ. ಈ ಸೈಕಲ್‌ಗೆ ಗೊತ್ತಿಲ್ಲ ಅಷ್ಟೆಯ,” ಎಂದು ಅವಳು ಸೀರೆಯ ಮಣ್ಣು ಕೊಡವಿ ಎದ್ದಳು.

ಮಾತು ತಮಾಷೆಯದಾದರೂ ಇಬ್ಬರ ಮನಸ್ಸೂ ಹಗುರಾಗಿರಲಿಲ್ಲ. ತೋಟದಲ್ಲಿ ಒಣಗಿದ ಗರಿ ಎಳೆಯಲು ಹೋಗಿ ರಂಗಣ್ಣ ಸೊಂಟ ಕೆಡಿಸಿಕೊಂಡಿದ್ದ. ಭಾರ ಎತ್ತಬೇಡಿ, ಗಾಡಿ ಮುಟ್ಟಬೇಡಿ ಎಂದಿದ್ದರು ಹಾಸನದ ಡಾಕ್ಟರು. ಹಾಲು ಹಾಕುವ ಡೇರಿಯೋ ಊರಾಚೆ, ದಂಡಿಗನಹಳ್ಳಿಗೆ ಹೋಗುವ ರಸ್ತೆಯಲ್ಲಿ. ಅಷ್ಟು ದೂರ ಕ್ಯಾನು ಹೊತ್ತು ನಡೆಯಲು ಕೃಷ್ಣಮ್ಮನ ಮಂಡಿ ಒಪ್ಪುತ್ತಿರಲಿಲ್ಲ. ಅವರಿವರ ಬೈಕಿಗೆ ಕಾದು ಕಾದು ಬೇಸತ್ತ ರಂಗಣ್ಣ, ಸೋಮವಾರ ಬಂದು ಗೌರಿಯನ್ನು ನೋಡಿಕೊಂಡು ಹೋಗು ಎಂದು ದಲ್ಲಾಳಿಗೆ ಹೇಳಿಬಿಟ್ಟಿದ್ದ. ಗೌರಿ ಎಂದರೆ ಹಸು. ಅದರ ಅಮ್ಮ, ಅಜ್ಜಿ ಎಲ್ಲ ಕೃಷ್ಣಮ್ಮನ ಕೈಯಲ್ಲೇ ಹುಟ್ಟಿ ಬೆಳೆದವು. ಆ ಮಾತು ಕಿವಿಗೆ ಬಿದ್ದ ದಿನವೇ ಅವಳು ಮೊಮ್ಮಗಳು ಕವನಾಳ ಸೈಕಲನ್ನು ಕೊಟ್ಟಿಗೆಯಿಂದ ಹೊರಗೆಳೆದದ್ದು. ಸ್ಕೂಲಿನಲ್ಲಿ ಸರ್ಕಾರ ಕೊಟ್ಟ ಸೈಕಲ್. ಹುಡುಗಿ ಹಾಸನದ ಹಾಸ್ಟೆಲ್ ಸೇರಿದ ಮೇಲೆ ಅದರ ಮೇಲೆ ಕೋಳಿ ಕೂರುತ್ತಿತ್ತು.

ಅವಳಿಗೆ ಸೈಕಲ್ ಬರುತ್ತಿದ್ದುದೇನೂ ಸುಳ್ಳಲ್ಲ. ತವರೂರು ನುಗ್ಗೇಹಳ್ಳಿಯಲ್ಲಿ ಅಣ್ಣ ಮಂಚಯ್ಯ ಬಾಡಿಗೆ ಸೈಕಲ್ ತಂದು, ದೇವಸ್ಥಾನದ ಹಿಂದಿನ ಬಯಲಿನಲ್ಲಿ ಕಲಿಸಿದ್ದ. ಗಂಡಸರ ದೊಡ್ಡ ಸೈಕಲ್, ಸೀಟು ಅವಳ ಗಲ್ಲಕ್ಕೆ ಬರುತ್ತಿತ್ತು. ಹಾಗಾಗಿ ಒಳಪೆಡಲ್: ಬಾರ್‌ನ ಕೆಳಗಿನ ಸಂದಿಯಲ್ಲಿ ಬಲಗಾಲು ತೂರಿಸಿ ಆಚೆ ಪೆಡಲ್ ತುಳಿಯುವುದು, ಮೈಯನ್ನೆಲ್ಲ ಎಡಗಡೆ ನೇತುಹಾಕಿ ಸೈಕಲನ್ನು ಬಲಕ್ಕೆ ವಾಲಿಸಿಕೊಂಡು ಹೋಗುವುದು. ಮಂಚಯ್ಯ ಕ್ಯಾರಿಯರ್ ಹಿಡಿದು ಹಿಂದೆ ಓಡಿ ಬರುತ್ತಿದ್ದ.

“ಕಾಲ್ ನೋಡ್ಬ್ಯಾಡ ಕಣವ್ವ, ದೂರ ನೋಡು. ಕಾಲು ಅದರ ಪಾಡಿಗೆ ಅದು ಕಲ್ತ್ಕತದೆ.”

ಒಂದು ಸಂಜೆ ಆ ದನಿ ಎಲ್ಲೋ ಬಹಳ ಹಿಂದಿನಿಂದ ಕೇಳಿಸಿತು. ಅವನು ಯಾವಾಗಲೋ ಕೈಬಿಟ್ಟಿದ್ದ. ಆ ಗಾಳಿ, ಆ ಧೂಳು, ಕೆನ್ನೆಗೆ ಒತ್ತುತ್ತಿದ್ದ ಸೀಟಿನ ಎಣ್ಣೆ ವಾಸನೆ ಅವಳಿಗೆ ಇವತ್ತಿಗೂ ನೆನಪಿತ್ತು. ಸೀಟಿನೆತ್ತರಕ್ಕೆ ಬೆಳೆಯುವಷ್ಟರಲ್ಲಿ ಲಂಗ ಹೋಗಿ ಸೀರೆ ಬಂತು, ಮದುವೆಯೂ ಆಯಿತು. ಸೀಟಿನ ಮೇಲೆ ಕೂರುವ ಪಾಠ ಹಾಗೇ ಉಳಿಯಿತು. ಅದನ್ನು ಕಲಿಸಲು ಈಗ ಮಂಚಯ್ಯನೂ ಇರಲಿಲ್ಲ.

ಕವನಾಳ ಸೈಕಲ್ಲಿಗೆ ಮೇಲಿನ ಬಾರೇ ಇಲ್ಲ, ಕಾಲು ತೂರಿಸಲು ಸಂದಿಯೂ ಇಲ್ಲ. ಸೀಟಿನ ಮೇಲೆ ಕೂರಲೇಬೇಕು. ಕೂತರೆ ಬೀಳುತ್ತಾಳೆ.

“ಲೇ, ಯಾವಾಗ್ಲೂ ಬಲಕ್ಕೇ ಬೀಳ್ತೀಯಲ್ಲೇ,” ಎಂದ ರಂಗಣ್ಣ. “ಒಂದ್ಸಲ ಎಡಕ್ಕಾರ ಬೀಳು. ನೋಡೋರ್ಗೆ ಬ್ಯಾಜಾರಾಯ್ತದೆ.”

ಸೈಕಲ್ ಎತ್ತುತ್ತಿದ್ದ ಕೃಷ್ಣಮ್ಮ ಹಾಗೇ ನಿಂತಳು. ಹೌದಲ್ಲ, ಬಲಕ್ಕೇ. ಮಂಡಿ ಮುದಿಯಾದರೂ ಮೈ ಇನ್ನೂ ಆ ಬಯಲಿನಲ್ಲೇ ಇತ್ತು. ಎಡಗಡೆ ಒಬ್ಬಳು ಹುಡುಗಿ ನೇತಾಡುತ್ತಿದ್ದಾಳೆಂದು ನಂಬಿ ಕೈಗಳು ಸೈಕಲನ್ನು ಬಲಕ್ಕೆ ವಾಲಿಸುತ್ತಿದ್ದವು. ಆ ಹುಡುಗಿಯೋ ಅಲ್ಲಿರಲಿಲ್ಲ.

ಅವಳು ಹಾಲಿನ ಕ್ಯಾನು ತಂದು, ತೊಟ್ಟಿಯ ನೀರು ತುಂಬಿ, ಕ್ಯಾರಿಯರ್‌ನ ಎಡಗಡೆಗೆ ಹಗ್ಗದಲ್ಲಿ ಬಿಗಿದಳು.

“ಅದ್ಯಾಕಮ್ಮಿ?”

“ಅಲ್ಲೊಬ್ಳು ಇರ್ಬೇಕು. ಸುಮ್ಕಿರಿ.”

ಹತ್ತಿ ಕೂತಳು. ಕಾಲು ನೋಡಲಿಲ್ಲ, ದೂರದ ಹುಣಸೆಮರ ನೋಡಿದಳು. ಸೈಕಲ್ ಬಲಕ್ಕೆ ವಾಲಲು ಹೋಯಿತು, ನೀರಿನ ಭಾರ ಎಡಕ್ಕೆ ಎಳೆದು ಹಿಡಿಯಿತು. ಅಂಗಳ ದಾಟಿತು. ಹುಣಸೆಮರ ತಲುಪಿದ ಮೇಲೆ ತಿರುಗಿಸುವುದು ಗೊತ್ತಾಗದೆ ಮರವನ್ನೇ ತಬ್ಬಿಕೊಂಡಳು. ರಂಗಣ್ಣ ಈ ಸಲ ನಗಲಿಲ್ಲ.

ಉಳಿದ ದಿನಗಳಲ್ಲಿ ತಿರುಗಿಸುವುದನ್ನೂ ಕಲಿತು, ಸೋಮವಾರ ಬೆಳಿಗ್ಗೆ ನೀರಿನ ಜಾಗದಲ್ಲಿ ಹಾಲು ತುಂಬಿ ಹೊರಟಳು. ಒಂದು ತೊಟ್ಟೂ ಚೆಲ್ಲದೆ ಡೇರಿ ಮುಟ್ಟಿದಳು. ಹಾಲು ಅಳೆಸಿ, ಖಾಲಿ ಕ್ಯಾನು ಕಟ್ಟಿ ಹತ್ತಿದಳೋ ಇಲ್ಲವೋ, ಬಲಕ್ಕೆ ಧೊಪ್ಪನೆ ಬಿದ್ದಳು. ಎದ್ದವಳು ಯಾರ ಮುಖವನ್ನೂ ನೋಡದೆ ಕ್ಯಾನನ್ನು ನಲ್ಲಿಯ ಕೆಳಗಿಟ್ಟಳು.

ಡೇರಿಯ ಸೆಕ್ರೆಟರಿ ನಂಜುಂಡೇಶ್ ಕಿಟಕಿಯಿಂದ ಕತ್ತು ಹೊರಹಾಕಿದ. “ಕೃಷ್ಣಕ್ಕ, ಜನ ನೀರ ಇಲ್ಲಿಗ್ ತತ್ತಾರೆ. ನೀನು ಇಲ್ಲಿಂದ ತಕ್ಕೊಂಡ್ ಓಯ್ತಾ ಇದ್ದೀಯಲ್ಲ.”

“ಸಂಜೆ ಹಾಲಾಗಿ ವಾಪಸ್ ಬತ್ತದೆ ಕಣ್ಲಾ, ಎದ್ರುಕೋಬ್ಯಾಡ.”

ದಾರಿಯುದ್ದಕ್ಕೂ ನೀರು ಎಡಗಡೆ ತುಳುಕುತ್ತಾ ಬಂತು. ತಿರುವಿನಲ್ಲಿ ಅವಳು ಒಮ್ಮೆ ಹಿಂದೆ ನೋಡಬೇಕೆಂದುಕೊಂಡಳು, ನೋಡಲಿಲ್ಲ. ನೋಡಿದ್ದರೆ ಅಣ್ಣ ಬೈಯುತ್ತಿದ್ದ.

ಮನೆಗೆ ಬಂದು ಆ ನೀರನ್ನು ಗೌರಿಯ ಬಾನಿಗೆ ಸುರಿದಳು. ಗೌರಿ ಮೂತಿ ಮುಳುಗಿಸಿ ಕುಡಿಯತೊಡಗಿತು. ಜಗಲಿಯ ಮೇಲೆ ರಂಗಣ್ಣ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದ.

“ಬರಬ್ಯಾಡ ಕಣಪ್ಪ. ಇಲ್ಲ, ರೇಟಿನ ಮಾತಲ್ಲ. ನಮ್ಮನೇಳು ಸೈಕಲ್ ಕಲ್ತ್ಬುಟ್ಲು.”

“ಕಲ್ತಿದ್ದೆ ಅನ್ನಿ,” ಎಂದಳು ಕೃಷ್ಣಮ್ಮ, ಖಾಲಿ ಕ್ಯಾನನ್ನು ಬಿಸಿಲಿಗೆ ಬೋರಲು ಹಾಕುತ್ತಾ.